ಹೂವಮ್ಮನ ಮನೆಗೂ ಬಂದ ಹುತ್ತ

ಜನ್ನಾಪುರದ ಹೂವಮ್ಮನಿಗೆ ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದು ಇದ್ದದ್ದು ಒಂದೇ, ತೇಗದ ಮಂಚ. ಮದುವೆಯಲ್ಲಿ ಅಪ್ಪ ಬಳುವಳಿಯಾಗಿ ಕೊಟ್ಟದ್ದು. ತಲೆದೆಸೆಯ ಹಲಗೆಯಲ್ಲಿ ಕೆತ್ತಿದ ಎರಡು ನವಿಲುಗಳಿದ್ದವು. ಗಂಡ ಚೌಡಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಪಾಪ, ಅವನ ಸಂಬಳದಲ್ಲಿ ಮನೆಗೆ ಬಂದ ಸಾಮಾನೆಲ್ಲ ಪ್ಲಾಸ್ಟಿಕ್ಕು, ತಗಡು. ಹಾಗಾಗಿ ಮಂಚಕ್ಕೆ ಬಾಣಂತಿಯ ಆರೈಕೆ. ಗೋಡೆಯಿಂದ ಗೇಣು ದೂರ ಹಾಕಿದ್ದಳು, ಕಾಲುಗಳ ಕೆಳಗೆ ಕಲ್ಲು ಕೊಟ್ಟಿದ್ದಳು. ಪ್ರತಿವರ್ಷ ಮಳೆ ಹಿಡಿಯುವ ಮೊದಲು ಅಂಗಳಕ್ಕೆ ಹೊರಿಸಿ, ಬಿಸಿಲು ಕಾಯಿಸಿ, ಗೆದ್ದಲು ಹತ್ತದಂತೆ ಅಡಿಯಿಂದ ಮುಡಿಯವರೆಗೆ ಗೇರೆಣ್ಣೆ ಬಳಿಯುತ್ತಿದ್ದಳು. ಎಣ್ಣೆ ತಾಗಿ ಕೈಯ ಚರ್ಮ ಸುಲಿದು ಬಂದರೂ ಬಿಡುತ್ತಿರಲಿಲ್ಲ. ಆ ಬೀದಿಯಲ್ಲಿ ಗೆದ್ದಲು ಹತ್ತದ ಬಾಗಿಲಿರಲಿಲ್ಲ, ಹೂವಮ್ಮನ ಮಂಚಕ್ಕೆ ಮಾತ್ರ ಒಂದು ಹುಳವೂ ಬಾಯಿ ಹಾಕಿರಲಿಲ್ಲ.

ಅವಳಿಗಿದ್ದ ಕಾಯಿಲೆಯೂ ಒಂದೇ. ಅದರ ಹೆಸರು ಭವಾನಿ. ಮೈದುನ ವಸಂತನ ಹೆಂಡತಿ, ಅಂದರೆ ಓರಗಿತ್ತಿ. ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಭವಾನಿ ಕೆಟ್ಟವಳೇನಲ್ಲ, ಬಾಯಿ ತುಂಬ ಅಕ್ಕ ಅನ್ನುತ್ತಿದ್ದಳು. ಹೂವಮ್ಮನಿಗೆ ಉರಿ ಹತ್ತುತ್ತಿದ್ದದ್ದೇ ಅದಕ್ಕೆ. ಜಗಳಗಂಟಿಯಾಗಿದ್ದರೆ ಬೈದು ಹಗುರಾಗಬಹುದಿತ್ತು. ಭವಾನಿಯ ಮನೆಗೆ ಕಾರು ಬಂದ ದಿನ ಹೂವಮ್ಮ ಊಟ ಬಿಟ್ಟಳು. ನೆಲಕ್ಕೆ ಗ್ರಾನೈಟ್ ಹಾಸಿದಾಗ ಕಾಲು ಜಾರುತ್ತದೆ ಎಂದು ಕೊಂಕು ತೆಗೆದು ಬಂದಳು. ಅತ್ತೆ ಹುಚ್ಚಮ್ಮ ಕೂಡ ಆ ಮನೆಯ ಸುಖ ಕಂಡು ಅಲ್ಲೇ ಬೇರು ಬಿಟ್ಟಿದ್ದಳು. ಇಷ್ಟನ್ನೂ ಹೂವಮ್ಮ ಹೇಗೋ ನುಂಗಿಕೊಂಡಳು.

ನುಂಗಲಾರದ್ದು ಆಮೇಲೆ ಬಂತು. ಒಂದು ಮಳೆಗಾಲ ಭವಾನಿಯ ದೇವರ ಕೋಣೆಯಲ್ಲಿ, ಕಪಾಟಿನ ಪಕ್ಕದ ಮೂಲೆಯಲ್ಲಿ, ಮಣ್ಣಿನ ಹುತ್ತ ಎದ್ದಿತು. ನಾಗಪ್ಪ ಒಲಿದು ಬಂದಿದ್ದಾನೆ, ಯಾರೂ ಮುಟ್ಟಕೂಡದು ಎಂದು ಹುಚ್ಚಮ್ಮ ಅಪ್ಪಣೆ ಕೊಡಿಸಿ ಅರಿಸಿನ ಕುಂಕುಮ ಹಚ್ಚಿದಳು. ಬೀದಿಯ ಹೆಂಗಸರು ಬಂದು ಹಾಲೆರೆದು ಹೋದರು. ನೆಂಟರ ವಾಟ್ಸಾಪಿನಲ್ಲೆಲ್ಲ ಹುತ್ತದ ಫೋಟೋ.

ಹೂವಮ್ಮ ಬಸ್ಸು ಹತ್ತಿ ಹೋಗಿ ನೋಡಿದಳು. ಗೆದ್ದಲಿನ ಕೆಲಸ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು. ಆದರೇನು, ಹುತ್ತ ಕಟ್ಟುವುದು ಯಾವತ್ತೂ ಗೆದ್ದಲೇ, ನಾಗಪ್ಪ ಬರುವುದು ಆಮೇಲೆ. ಕಾರು ಕೊಟ್ಟದ್ದು ಬ್ಯಾಂಕಿನವರು, ಗ್ರಾನೈಟ್ ಹಾಕಿಸಿಕೊಟ್ಟದ್ದು ಭವಾನಿಯ ಅಪ್ಪ, ಅದು ಹೋಗಲಿ. ಹುತ್ತ ಕೊಟ್ಟದ್ದು ದೇವರಲ್ಲವೇ? ಪ್ರತಿ ನಾಗರಪಂಚಮಿಗೆ ಉಪವಾಸವಿದ್ದು ಹುತ್ತ ಹುಡುಕಿಕೊಂಡು ಹೋಗಿ ಹಾಲೆರೆಯುವವಳು ತಾನು. ಬರುವುದು ಅವಳ ಮನೆಗೆ! ತಿರುಗಿ ಬರುವಾಗ ಬಸ್ಸಿನಲ್ಲಿ ಅವಳಿಗೆ ತಟ್ಟನೆ ಹೊಳೆಯಿತು. ವರ್ಷವರ್ಷವೂ ಗೇರೆಣ್ಣೆ ಬಳಿದು ನಾಗಪ್ಪನ ದಾರಿಗೆ ಅಡ್ಡ ಬಂದವಳು ತಾನೇ.

ಮುಂದಿನ ಬೇಸಿಗೆಯಲ್ಲಿ ಮಂಚ ಅಂಗಳಕ್ಕೆ ಇಳಿಯಲಿಲ್ಲ. ಕೈನೋವು ಎಂದು ಗೇರೆಣ್ಣೆಯ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು. ಕಾಲಿನ ಕೆಳಗಿನ ಕಲ್ಲು ತೆಗೆದಳು, ಮಂಚವನ್ನು ಮೂಲೆಯ ಗೋಡೆಗೆ ತಳ್ಳಿದಳು, ದಿನಾ ಸಂಜೆ ಆ ಮೂಲೆಗೆ ಒಂದು ಲೋಟ ಹಾಲುನೀರು ಸುರಿದಳು. ಚೌಡಪ್ಪ ಒಂದೇ ಸಲ ಬಾಯಿ ಬಿಟ್ಟ.

"ಮಂಚ ಹಾಳಾಗುತ್ತೆ ಮಾರಾಯ್ತಿ."

"ನಾಗಪ್ಪ ಬಂದ ಮನೇಲಿ ಯಾವುದೂ ಹಾಳಾಗಲ್ಲ, ಸುಮ್ನಿರಿ," ಎಂದಳು. ಸುಮ್ಮನಿರುವುದು ಅವನಿಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತಿತ್ತು.

ಮಳೆ ಹಿಡಿದ ಮೇಲೆ ಮೂಲೆಯಲ್ಲಿ ಮಣ್ಣು ಎದ್ದಿತು. ಮೊದಲು ಬೆರಳಿನಷ್ಟು, ಆಮೇಲೆ ಮೊಳದಷ್ಟು. ಹೂವಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅರಿಸಿನ ಹಚ್ಚುವ ಮೊದಲೇ ಭವಾನಿಗೆ ಫೋನ್ ಮಾಡಿ ಊಟಕ್ಕೆ ಕರೆದಳು. ವಿಷಯ ಹೇಳಲಿಲ್ಲ. ಅವಳ ಮುಖ ಕಣ್ಣಾರೆ ನೋಡಬೇಕಿತ್ತು. ಹೋಳಿಗೆಗೆ ಬೇಳೆ ಬೇಯಿಸಿದಳು, ರೇಷ್ಮೆ ಸೀರೆ ಉಟ್ಟಳು, ಓರಗಿತ್ತಿಯನ್ನು ಸೀದಾ ಕೋಣೆಗೇ ಕರೆದುಕೊಂಡು ಹೋದಳು.

ಭವಾನಿ ಕೈಮುಗಿಯಲಿಲ್ಲ. ಹುತ್ತವನ್ನು ಒಂದು ಗಳಿಗೆ ನೋಡಿ, ಮಂಚದ ಹತ್ತಿರ ಓಡಿ ನವಿಲಿನ ಮೇಲೆ ಕೈಯಿಟ್ಟಳು. ಹೆಬ್ಬೆರಳು ಒಳಕ್ಕೆ ಹೋಯಿತು. ಮೇಲೆ ಹಪ್ಪಳದಷ್ಟು ತೆಳು ಮರ, ಒಳಗೆಲ್ಲ ಮಣ್ಣು, ಮಣ್ಣಿನಲ್ಲಿ ಬಿಳಿ ಹುಳ ಮಿಜಿಮಿಜಿ. ಹೂವಮ್ಮ ಇನ್ನೊಂದು ನವಿಲನ್ನು ಒತ್ತಿ ನೋಡಿದಳು. ಅದರ ಕತ್ತು ಅವಳ ಕೈಗೇ ಬಂತು.

"ಅಕ್ಕ, ನಮ್ಮನೆ ಹುತ್ತಾನ ಒಡೆಸಿ ಎಷ್ಟೋ ತಿಂಗಳಾಯ್ತು," ಎಂದಳು ಭವಾನಿ. ದೇವರ ಕಪಾಟು ಪೂರ್ತಿ ಹೋಗಿತ್ತಂತೆ. ನಾಗಪ್ಪನೂ ಇಲ್ಲ, ಏನೂ ಇಲ್ಲ. ಹುಚ್ಚಮ್ಮನನ್ನು ಒಪ್ಪಿಸಿ, ಜನ ಕರೆಸಿ, ಗ್ರಾನೈಟಿಗೆ ತೂತು ಹೊಡೆಸಿ ಔಷಧಿ ಬಿಡಿಸಿದ್ದರಂತೆ.

"ನನಗ್ಯಾಕೆ ಹೇಳ್ಲಿಲ್ಲ?" ನವಿಲಿನ ಕತ್ತನ್ನು ಹಿಡಿದುಕೊಂಡೇ ಹೂವಮ್ಮ ಕೇಳಿದಳು.

ಭವಾನಿ ತಲೆ ತಗ್ಗಿಸಿದಳು. "ನಾಚಿಕೆ ಆಯ್ತಕ್ಕ. ನಿಮ್ಮ ಮಂಚಾನ ಒಂದು ಹುಳ ಮುಟ್ಟಿಲ್ಲ, ನಾವು ದೇವರ ಕಪಾಟು ಉಳಿಸ್ಕೊಳ್ಳಲಿಲ್ಲ ಅಂತ ಹೇಗೆ ಹೇಳ್ಲಿ? ನಮ್ಮನೇಲಿ ಇರೋದೆಲ್ಲ ಪ್ಲೈವುಡ್ಡು. ಮದುವೆಯಾಗಿ ಬಂದಾಗಿಂದ ಈ ಮಂಚ ನೋಡಿದಾಗೆಲ್ಲ ನನಗೆ ಹೊಟ್ಟೆ ಉರೀತಿತ್ತು."

ಹೂವಮ್ಮ ನವಿಲಿನ ಕತ್ತನ್ನು ಸೆರಗಿನಲ್ಲಿ ಒರೆಸಿದಳು. ಒರೆಸಿದಷ್ಟೂ ಅದು ಪುಡಿಯಾಗಿ ಉದುರಿತು. ಅಡುಗೆಮನೆಯಿಂದ ಬೇಳೆ ಸೀದ ವಾಸನೆ ಬರುತ್ತಿತ್ತು, ಅವಳು ಅತ್ತ ಹೋಗಲಿಲ್ಲ.

"ಇನ್ನೊಂದ್ಸಲ ಹೇಳು," ಎಂದಳು.