ರತ್ನಳ ಬಲಗಣ್ಣು

ರತ್ನಾ, ಆ ದಿನ ಡಾಕ್ಟರ ಮುಂದೆ ನಾನು ಸುಳ್ಳು ಹೇಳಿದೆ. ಮರೆತು ಹೇಳಿದ್ದಲ್ಲ, ಗಾಬರಿಯಲ್ಲಿ ಬಾಯಿ ತಪ್ಪಿದ್ದೂ ಅಲ್ಲ. ಅವರು ಏನು ಕೇಳುತ್ತಿದ್ದಾರೆಂದು ನನಗೆ ಚೆನ್ನಾಗಿ ಅರ್ಥವಾಗಿತ್ತು. ನಿಜವೂ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡು, ನಿನ್ನ ಮುಖ ನೋಡುತ್ತಲೇ "ಇಲ್ಲ" ಎಂದೆ. ನೀನು ಬದುಕಿರುವಷ್ಟು ಕಾಲ ಇದನ್ನು ನಿನ್ನ ಹತ್ತಿರ ಒಪ್ಪಿಕೊಳ್ಳಲಿಲ್ಲ. ಈಗ ಒಪ್ಪಿಕೊಳ್ಳುತ್ತಿದ್ದೇನೆ.

ಮೊದಲಿನಿಂದ ಹೇಳಬೇಕು. ನಿನಗೆ ಗೊತ್ತಿದ್ದದ್ದನ್ನೂ ಹೇಳಬೇಕು. ಏಕೆಂದರೆ ಅದು ನಡೆದೇ ಇಲ್ಲವೆಂದು ನಿನ್ನನ್ನು ನಂಬಿಸಿದವಳು ನಾನು.

ಅಮ್ಮ ತೀರಿಕೊಂಡ ಮೇಲೆ ದೊಡ್ಡಬಳ್ಳಾಪುರದ ಮನೆಯಲ್ಲಿ ಉಳಿದವರು ಮೂವರೇ — ಅಪ್ಪ, ನಾನು, ನೀನು. ಹಿತ್ತಲ ಕಡೆಯ ಕೋಣೆಯಲ್ಲಿ ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ನಾವಿಬ್ಬರೂ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದೆವು. ನಿನ್ನ ತಲೆ ಬಾಚುವವಳು ನಾನು, ನಿನಗೆ ಬೈಯುವವಳು ನಾನು. ರೇಡಿಯೊದಲ್ಲಿ ಪಾಕಿಸ್ತಾನದ ಯುದ್ಧದ ಸುದ್ದಿ ಬರುತ್ತಿದ್ದ ವರ್ಷ ನಿನಗೆ ಹದಿನಾರೋ ಹದಿನೇಳೋ. ಒಂದು ಬೆಳಿಗ್ಗೆ ನೀನು ಕೆಂಪು ರೇಷ್ಮೆಯ ಲಡಿಯನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡುತ್ತ ನಿಂತಿದ್ದೆ.

"ಅಕ್ಕಾ, ಬಲಗಣ್ಣಲ್ಲಿ ನೋಡಿದ್ರೆ ಇದು ಕೆಂಪೇ ಅಲ್ಲ ಕಣೆ. ಒಗ್ದು ಒಗ್ದು ಬಣ್ಣ ಹೋದಂಗೈತೆ. ಕಣ್ಣು ಹೊರಳಿಸಿದ್ರೆ ಒಳಗೆಲ್ಲೋ ನೋಯ್ತದೆ."

ಕೆಲವೇ ದಿನಗಳಲ್ಲಿ ಆ ಕಣ್ಣಿಗೆ ಮಂಜು ಕವಿಯಿತು. ಅದೇ ವಾರ ದೇವನಹಳ್ಳಿಯಿಂದ ಹುಡುಗನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ತಂಗಿಗೆ ಕಣ್ಣಿಲ್ಲವಂತೆ ಎಂದು ಊರಲ್ಲಿ ಒಂದು ಮಾತು ಹಬ್ಬಿದರೆ ಸಾಕಿತ್ತು. ನಿನ್ನ ಕೈಯನ್ನು ನನ್ನ ತಲೆಯ ಮೇಲೆ ಇರಿಸಿಕೊಂಡೆ. "ಯಾರ್ಗೂ ಹೇಳ್ಬಾರ್ದು. ಅಪ್ಪಂಗೂ ಹೇಳ್ಬಾರ್ದು. ನನ್ನಾಣೆ" ಎಂದೆ. ನೀನು ತಲೆಯಾಡಿಸಿದೆ. ಬಂದವರಿಗೆ ಕಾಫಿ ಲೋಟ ಕೊಟ್ಟವಳು ನೀನೇ. ಒಂದು ಹನಿಯೂ ಚೆಲ್ಲಲಿಲ್ಲ. ಆ ಕಡೆಯ ಹಿರಿಯರೊಬ್ಬರು "ಮನೇಲಿ ಕಾಯಿಲೆ ಕಸಾಲೆ ಏನಾದ್ರೂ ಉಂಟಾ?" ಎಂದು ಕೇಳಿದಾಗ ಅಪ್ಪ ಪ್ರಾಮಾಣಿಕವಾಗಿ ಇಲ್ಲವೆಂದರು. ನನ್ನ ಮದುವೆಯ ಹೊತ್ತಿಗೆ ನಿನ್ನ ಕಣ್ಣು ಸರಿಹೋಗಿತ್ತು — ಅಥವಾ ಸರಿಹೋಯಿತು ಎಂದು ನೀನು ನನಗೆ ಹೇಳಿದೆ. ನಾನು ಮತ್ತೆ ಕೇಳಲಿಲ್ಲ.

ಕೆಲವು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ಸಲ ನಾನು ತವರಿಗೆ ಬಂದಾಗ ನೀನು ಗೋಡೆ ಹಿಡಿದು ನಡೆಯುತ್ತಿದ್ದೆ. ಸೊಂಟದಿಂದ ಕೆಳಗೆ ಯಾರೋ ಬಿಗಿಯಾಗಿ ಬಟ್ಟೆ ಸುತ್ತಿದ ಹಾಗೆ ಜೋಮು ಎಂದೆ. ತಲೆ ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಕರೆಂಟು ಹೊಡೆದಂತೆ ಏನೋ ಹರಿಯುತ್ತದೆ ಎಂದೆ. ಒಂದು ವಾರ ಹೆಚ್ಚು, ಒಂದು ವಾರ ಕಡಿಮೆ. ಈ ಏರಿಳಿತವೇ ನಿನಗೆ ಶತ್ರುವಾಯಿತು. ನಿನ್ನೆ ನಡೆದವಳು ಇವತ್ತು ಯಾಕೆ ನಡೆಯುವುದಿಲ್ಲ ಎಂದು ನೋಡಿದವರೆಲ್ಲ ಕೇಳಿದರು. ಊರಿನ ಡಾಕ್ಟರು ನಿಶ್ಶಕ್ತಿ ಎಂದು ಸೂಜಿ ಹಾಕಿದರು. ತೂಬಗೆರೆಯ ಕಡೆಯವರೊಬ್ಬರು ಗಾಳಿ ಸೋಕಿದೆ ಎಂದು ದಾರ ಕಟ್ಟಿದರು. ಇದೆಲ್ಲದರ ನಡುವೆ ನಿನಗೆ ಹೆದರಿಕೆ ಶುರುವಾಯಿತು. ಹೊಸಿಲು ದಾಟುವ ಮುಂಚೆ ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು. ಕೂತಲ್ಲೇ ಕಾಲ್ಬೆರಳು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. "ಇನ್ನೇನ್ ಹೋಗ್ತದೋ ಅಂತ ಕಾಯೋದೇ ಒಂದು ಕಾಯಿಲೆ ಕಣಕ್ಕ" ಎಂದಿದ್ದೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಲು ನಿನ್ನ ಭಾವನೇ ಮುಂದಾದರು. ಡಾಕ್ಟರ ಜೊತೆ ಮಾತಾಡಲು ಓದಿದವಳು ಬೇಕೆಂದು ಅಪ್ಪ ನನ್ನನ್ನೂ ಕಳಿಸಿದರು. ಆಗ ನಾನು ಎರಡನೆಯ ಬಸುರಿ. ದೇವನಹಳ್ಳಿಯಲ್ಲಿ ನಮ್ಮತ್ತೆ ಆಗಲೇ ಕೇಳತೊಡಗಿದ್ದರು — ನಿನ್ನ ತಂಗಿಯ ಈ ಕಾಯಿಲೆ ವಂಶದಲ್ಲಿ ಹರಿಯುವಂಥದ್ದಾ, ಮದುವೆಗೆ ಮುಂಚೆಯೇ ಇತ್ತಾ ಎಂದು.

ಆ ಡಾಕ್ಟರು ಒಳ್ಳೆಯವರು. ಪುಟ್ಟ ಸುತ್ತಿಗೆಯಿಂದ ನಿನ್ನ ಮಂಡಿ ತಟ್ಟಿದರು, ಕೀಲಿಕೈಯಿಂದ ಅಂಗಾಲು ಗೀರಿದರು. ಆಮೇಲೆ ಕೇಳಿದರು: "ಇದಕ್ಕೆ ಮುಂಚೆ ಯಾವಾಗಾದ್ರೂ ಒಂದು ಕಣ್ಣು ಮಂಜಾಗಿತ್ತೇನಮ್ಮಾ? ಯೋಚನೆ ಮಾಡಿ ಹೇಳು. ಇದು ಬಹಳ ಮುಖ್ಯ."

ನೀನು ತಿರುಗಿ ನನ್ನನ್ನು ನೋಡಿದೆ. ನನ್ನ ತಲೆಯ ಮೇಲಿನ ಆಣೆ, ನನ್ನ ತುಂಬಿದ ಹೊಟ್ಟೆ — ಅದಕ್ಕಾಗಿಯೇ ನೀನು ಬಾಯಿ ಬಿಡಲಿಲ್ಲ ಎಂದು ನನಗೆ ಗೊತ್ತಿತ್ತು. ಹೇಳು ಎಂದು ನಾನು ಕಣ್ಣಲ್ಲಿ ಸನ್ನೆ ಮಾಡಿದ್ದರೂ ಸಾಕಿತ್ತು. ನನ್ನ ಗಂಡ ಪಕ್ಕದಲ್ಲೇ ನಿಂತಿದ್ದರು.

"ಇಲ್ಲ ಡಾಕ್ಟ್ರೇ" ಎಂದೆ. "ಹಂಗೇನೂ ಆಗಿಲ್ಲ. ಇವ್ಳದು ಮೊದ್ಲಿಂದ್ಲೂ ಹೆದರೋ ಸ್ವಭಾವ."

ಆ ಎರಡನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಅದನ್ನು ನಾನಾಗಿಯೇ ಸೇರಿಸಿದೆ. ಡಾಕ್ಟರು ಇನ್ನೂ ಸ್ವಲ್ಪ ಹೊತ್ತು ಅನುಮಾನದಲ್ಲೇ ನಿನ್ನನ್ನು ನೋಡಿದರು. ಕೊನೆಗೆ ನರಗಳ ಬಗ್ಗೆ ಸದ್ಯಕ್ಕೆ ಖಚಿತವಾಗಿ ಏನೂ ಹೇಳಲಾಗದು, ಮನಸ್ಸಿನ ಆತಂಕ ಹೀಗೆಲ್ಲ ಆಡಿಸುತ್ತದೆ ಎಂದು ನಿದ್ದೆ ಬರುವ ಮಾತ್ರೆ ಬರೆದುಕೊಟ್ಟರು. ಅವರನ್ನು ನಾನು ದೂರಲಾರೆ. ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು.

ಬಸ್ಸಿನಲ್ಲಿ ನೀನು ಕಿಟಕಿಯ ಪಕ್ಕ ಕೂತಿದ್ದೆ. ಯಲಹಂಕ ದಾಟಿದ ಮೇಲೆ, ನಿನ್ನ ಭಾವನಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದೆ: "ಅಕ್ಕಾ, ಹಂಗಾರೆ ಆ ಕಣ್ಣೂ ಸುಳ್ಳಾ? ಅದೂ ನಾನೇ ಕಲ್ಪಿಸ್ಕೊಂಡಿದ್ದಾ?"

ಆಗಲಾದರೂ — ಆಗ ನನ್ನ ಮುಂದೆ ಯಾವ ಡಾಕ್ಟರೂ ಇರಲಿಲ್ಲ. ನಿನ್ನ ಕಣ್ಣಿಗೆ ಲೋಕದಲ್ಲಿ ಇದ್ದ ಸಾಕ್ಷಿ ನಾನೊಬ್ಬಳೇ.

"ಇರ್ಬೋದು ಕಣೆ" ಎಂದೆ. "ನೀನು ಆಗ ಚಿಕ್ಕೋಳು."

ನೀನು ನಂಬಿಬಿಟ್ಟೆ. ನನ್ನ ಮಾತನ್ನು ನೀನು ಯಾವತ್ತು ತಾನೇ ನಂಬಿರಲಿಲ್ಲ?

ಅಪ್ಪನಿಗೆ ಸಂತೋಷವಾಯಿತು. ಮಗಳಿಗೆ ರೋಗವಿಲ್ಲ, ಬರೀ ಹೆದರಿಕೆ, ಹೆದರಿಕೆಯನ್ನು ಬಿಡಿಸಬಹುದು. ಪ್ರತಿ ಬೆಳಿಗ್ಗೆ ಮಗ್ಗಕ್ಕೆ ಕೂರುವ ಮುಂಚೆ ನಿನ್ನ ಮೊಣಕೈ ಹಿಡಿದು ಹಿತ್ತಲಲ್ಲಿ ನಡೆಸಿದರು. "ನಡಿ ಮಗ, ನಿಂಗೇನೂ ಆಗಿಲ್ಲ. ಅಷ್ಟು ದೊಡ್ಡ ಡಾಕ್ಟ್ರೇ ಹೇಳವ್ರೆ." ಕಾಲು ಎಳೆದರೆ ಗದರಿದರು. ನೀನು ಅತ್ತರೆ, ಅದೇ ಆ ಹೆದರಿಕೆ ಎಂದರು. ನೀನೂ ಹಟ ಹಿಡಿದು ನಡೆದೆ. ಬಿದ್ದರೆ ನಿನ್ನನ್ನೇ ಬೈದುಕೊಂಡೆ. ಒಂದು ದಿನ, ಧೈರ್ಯ ಬರಲೆಂದು ಅವರು ಕೈ ಬಿಟ್ಟು ಹಿಂದೆ ಸರಿದರು. ನೀನು ಒಗೆಯುವ ಕಲ್ಲಿನ ಮೇಲೆ ಬಿದ್ದೆ. ಬಲಗೈಯ ಮಣಿಕಟ್ಟು ಮುರಿಯಿತು, ಸೊಟ್ಟಗೇ ಕೂಡಿಕೊಂಡಿತು. ಆಮೇಲೆ ನೀನು ರಾಟೆ ತಿರುಗಿಸಲಿಲ್ಲ. ಸುದ್ದಿ ತಿಳಿದು ನಾನು ಬಂದೆ, ಬಾಣಂತಿ ಎಂಬ ನೆವ ಹೇಳಿ ಮಾರನೆಯ ದಿನವೇ ಹೊರಟುಹೋದೆ.

ಇನ್ನೊಂದು ಯುದ್ಧ ಬಂದು ಹೋಯಿತು. ಅದಾದ ಮೇಲೆ ನಿನ್ನ ಎಡಗಣ್ಣಿಗೂ ಮಂಜು ಕವಿಯಿತು. ಈ ಸಲ ನೀನು ಯಾರಿಗೂ ಹೇಳದೆ ಕೂತೆ, ಇದೂ ಕಲ್ಪನೆಯೇ ಎಂದುಕೊಂಡು. ಊಟದ ಹೊತ್ತಿನಲ್ಲಿ ತಟ್ಟೆಯ ಆಚೆ ಕೈಯಿಟ್ಟು ತಡಕಾಡುವುದನ್ನು ಅಪ್ಪ ನೋಡಿ ಬೆಂಗಳೂರಿಗೆ, ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ದೀಪ ಬಿಟ್ಟು ಎರಡೂ ಕಣ್ಣಿನ ಒಳಗೆ ನೋಡಿ ಹೇಳಿದರಂತೆ: ಎಡಗಣ್ಣಿನ ನರ ಈಗ ಊದಿದೆ, ಆದರೆ ಬಲಗಣ್ಣಿನ ನರ ಬಿಳಿಚಿಕೊಂಡಿದೆ, ಅದಕ್ಕೆ ವರ್ಷಗಳ ಹಿಂದೆಯೇ ಪೆಟ್ಟು ಬಿದ್ದಿದೆ. ಅಲ್ಲಿಂದ ನರರೋಗದ ಡಾಕ್ಟರ ಹತ್ತಿರ. ಮಿದುಳು, ಬೆನ್ನುಹುರಿಯ ನರಗಳನ್ನು ಅಲ್ಲಲ್ಲಿ ಕೆಡಿಸುತ್ತ, ಬಿಟ್ಟು ಬಿಟ್ಟು ಬರುವ ರೋಗ ಎಂದರು. ಉದ್ದನೆಯ ಇಂಗ್ಲಿಷ್ ಹೆಸರು. ನಮ್ಮ ಕಡೆ ಅಪರೂಪವಂತೆ. ವಾಸಿಮಾಡುವ ಮದ್ದಿಲ್ಲವಂತೆ.

ನಾನು ಓಡಿ ಬಂದಾಗ ನೀನು ಚಾಪೆಯ ಮೇಲೆ ಗೋಡೆಗೊರಗಿ ಕೂತು ನಗುತ್ತಿದ್ದೆ. ಮದ್ದಿಲ್ಲದ ರೋಗದ ಹೆಸರು ಕೇಳಿ ಬಂದವಳ ನಗುವೇ ಅದು?

"ಅಕ್ಕಾ, ನನ್ ಕಣ್ಣು ಸುಳ್ಳು ಹೇಳಿರ್ಲಿಲ್ಲವಂತೆ ಕಣೆ! ಆಗ್ಲೇ ಆಗಿತ್ತಂತೆ. ನಂಗೆ ಹುಚ್ಚಿಲ್ಲ." ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡೆ. "ನಿಂಗೂ ಮರ್ತೋಗಿತ್ತು, ಅಲ್ವಾ?"

"ಹೂಂ, ಮರ್ತೋಗಿತ್ತು" ಎಂದೆ.

ನೀನು ನಿಜವಾಗಿ ನಂಬಿ ಕೇಳಿದೆಯೋ, ನನಗೆ ತಪ್ಪಿಸಿಕೊಳ್ಳಲು ದಾರಿ ಬಿಟ್ಟೆಯೋ — ನನಗೆ ಇವತ್ತಿಗೂ ತಿಳಿಯದು. ಯಾವುದಾದರೂ ನನ್ನ ಪಾಲಿಗೆ ಒಂದೇ. ನಾನು ನಿಜ ಹೇಳಿದ್ದರೂ ನಿನ್ನ ರೋಗ ನಿಲ್ಲುತ್ತಿರಲಿಲ್ಲ, ಅದು ನನಗೆ ಗೊತ್ತು. ಈ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆ! ಆದರೆ ಆ ನಡುವಿನ ವರ್ಷಗಳಲ್ಲಿ ನೀನು ರೋಗಿಯಾಗಿ ಮಲಗಬಹುದಿತ್ತು, ಸುಳ್ಳುಗಾತಿಯಾಗಿ ನಡೆಯಬೇಕಾಯಿತು.

ಹೋದ ವರ್ಷ ನೀನು ಹೋದೆ. ಅಂದಿನಿಂದ ಅಪ್ಪ ಮಗ್ಗಕ್ಕೆ ಕೂರುವುದನ್ನು ಬಿಟ್ಟರು. ಬಂದವರ ಮುಂದೆಲ್ಲ ಒಂದೇ ಮಾತು: "ನಾನು ಪಾಪಿ ಕಣಪ್ಪಾ. ಕಾಯಿಲೆ ಮಗೀನ ಗದರಿಸಿ ನಡೆಸ್ದೆ." ಅವರು ಹಾಗೆ ಅಳುವುದನ್ನು ತಿಂಗಳುಗಟ್ಟಲೆ ಎದುರಿಗೆ ಕೂತು ಕೇಳಿದೆ, ಸೆರಗಿನಿಂದ ಅವರ ಕಣ್ಣೊರೆಸಿದೆ. ಹೋದ ಭಾನುವಾರ ಅದು ಆಗಲಿಲ್ಲ. ಆಣೆ ಹಾಕಿಸಿದ್ದು, ಡಾಕ್ಟರ ಪ್ರಶ್ನೆ, ಬಸ್ಸಿನಲ್ಲಿ ಹೇಳಿದ ಮಾತು — ಎಲ್ಲವನ್ನೂ ಹೇಳಿಬಿಟ್ಟೆ. ಮನೆಗೆ ಮರಳಿದ ಮೇಲೆ ನಿನ್ನ ಭಾವನಿಗೂ ಹೇಳಿದೆ.

ಅಪ್ಪ ಬೈಯಲಿಲ್ಲ. ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡಿದರು.

"ನನ್ ಕೈಲಿ ನಡೆಸ್ದೆಯಲ್ಲೇ ಸರೋಜಾ, ಅವ್ಳನ್ನ" ಎಂದರು.

ಅದಾದ ಮೇಲೆ ಅವರು ನನ್ನ ಜೊತೆ ಮಾತಾಡಿಲ್ಲ. ಕ್ಷಮಿಸಿ ಎಂದು ನಾನೂ ಕೇಳಿಲ್ಲ. ಕೇಳಬೇಕಾಗಿದ್ದುದು ನಿನ್ನನ್ನು, ನಿನ್ನನ್ನೂ ಕೇಳುತ್ತಿಲ್ಲ, ರತ್ನಾ. ನಿನ್ನ ಕಣ್ಣು ಮಂಜಾಗಿದ್ದು ನಿಜ. ನಾನು ನೋಡಿದ್ದೆ. ನನಗೆ ಯಾವತ್ತೂ ಮರೆತುಹೋಗಿರಲಿಲ್ಲ.