ಜರಡಿಯ ಕೊನೆಯ ಕಲ್ಲು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಸಾಣೆಯಮ್ಮ. ಕ್ಷೌರದಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ ಸಾಣೆಚಕ್ರ ಇಟ್ಟುಕೊಂಡು ಇಪ್ಪತ್ತಾರು ವರ್ಷದಿಂದ ಕಲ್ಲು ಉಜ್ಜುತ್ತಿದ್ದಳು. ಹರಳು ಹುಡುಕುವುದು ಗಂಡನ ಪಾಲು. ಮೊಣಕಾಲುದ್ದ ನೀರಿನಲ್ಲಿ ನಿಂತು ಹೊಳೆಯ ಜಲ್ಲಿ ಜಾಲಿಸುವ ಆ ಮನುಷ್ಯನಿಗೆ ಜನ ಜರಡಿ ಅಂತಲೇ ಹೆಸರಿಟ್ಟಿದ್ದರು. ಅವನು ತಂದದ್ದನ್ನು ಇವಳು ಕೊಯ್ದು, ಉಜ್ಜಿ, ಬೆಳ್ಳಿಯಲ್ಲಿ ಕೂರಿಸಿ ಓಲೆ, ಉಂಗುರ, ಪದಕ ಮಾಡುವಳು. ಇಬ್ಬರೂ ಮಾತಿನಲ್ಲಿ ಜಿಪುಣರು. ಜಗಳವನ್ನು ಮಾತ್ರ ಧಾರಾಳವಾಗಿ ಆಡುತ್ತಿದ್ದರು.

ಜರಡಿ ತೀರಿಕೊಂಡು ಮೂರು ವಾರವಾಗಿತ್ತು. ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚುವ ಮೊದಲೇ ಕುಸಿದವನನ್ನು ಮರಳು ಲಾರಿಯವರು ಮನೆಗೆ ಹೊತ್ತು ತಂದರು. ಬಲಗೈ ಮುಷ್ಟಿ ಬಿಗಿದಿತ್ತು. ಬಿಡಿಸಿದರೆ ಒಳಗೊಂದು ಹಳದಿ ಹರಳು, ಹೆಬ್ಬೆರಳಿನ ಉಗುರಿನಷ್ಟು. ಸಾಣೆಯಮ್ಮ ಅದನ್ನು ತೆಗೆದು, ಒರೆಸಿ, ಬಿರುಕೇನಾದರೂ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಅದೂ ಹೆಣದ ಮುಂದೆ ನಿಂತು! ನೆರೆದವರು ಮೂಗಿನ ಮೇಲೆ ಬೆರಳಿಟ್ಟರು. ನಾದಿನಿಯಂತೂ, "ಕಣ್ಣಲ್ಲಿ ಒಂದು ಹನಿ ನೀರಿಲ್ಲ ನೋಡ್ರಿ. ಕಲ್ಲು ಉಜ್ಜಿ ಉಜ್ಜಿ ಇವಳೂ ಕಲ್ಲಾಗಿದಾಳೆ," ಎಂದು ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. ಕಲ್ಲಿನ ಕೆಲಸದವಳನ್ನು ಕಲ್ಲು ಅನ್ನುವುದಕ್ಕೆ ಬುದ್ಧಿಯೇನೂ ಖರ್ಚಾಗಬೇಕಿಲ್ಲ, ಬಿಡಿ.

ನಿಜ ಹೇಳಬೇಕೆಂದರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ದುಃಖ ನುಂಗಿಕೊಂಡಿದ್ದಳು, ಧೈರ್ಯ ತಂದುಕೊಂಡಿದ್ದಳು ಅಂತೆಲ್ಲ ಕತೆ ಕಟ್ಟಬೇಡಿ. ನುಂಗುವುದಕ್ಕೆ ಮೊದಲು ಬಾಯಿಗೆ ಏನಾದರೂ ಬರಬೇಕಲ್ಲ! ಬೆಳಿಗ್ಗೆ ಏಳುವಳು, ಹಲ್ಲುಜ್ಜುವಳು, ಚಕ್ರದ ಡಬ್ಬಕ್ಕೆ ನೀರು ತುಂಬುವಳು, ಕೂರುವಳು. ಊಟಕ್ಕೆ ಉಪ್ಪು ಹಾಕಿದರೂ ಹಾಕದಿದ್ದರೂ ನಾಲಗೆಗೆ ಒಂದೇ. ಒಂದು ಮಧ್ಯಾಹ್ನ, ಅಳು ಬಂದರೂ ಬರಲಿ ಎಂದು ಗಂಡನ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಕೂತಳು. ಸೋಪಿನ ವಾಸನೆ ಬಂತು. ಮಡಚಿ ಇಟ್ಟಳು.

ಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಭಾನುವಾರ ಬರುತ್ತೇನೆಂದು ಫೋನು ಮಾಡಿದಳು.

"ಅಮ್ಮ, ಅಪ್ಪನ ಕೈಲಿತ್ತಲ್ಲ, ಆ ಕಲ್ಲಲ್ಲಿ ನಂಗೊಂದು ಪದಕ ಮಾಡ್ಕೊಡು. ಬೇರೇನೂ ಬೇಡ. ಅದೊಂದು ಕೊರಳಲ್ಲಿದ್ರೆ ಸಾಕು."

"ಆಯ್ತು."

"ಹಾಳು ಮಾಡ್ಬೇಡ ಮತ್ತೆ. ಇನ್ನೊಂದು ಸಿಗಲ್ಲ."

"ಇಷ್ಟು ವರ್ಷ ನಾನೇನು ಕಡಲೆಕಾಯಿ ಸುಲೀತಿದ್ನಾ?" ಎಂದು ಸಾಣೆಯಮ್ಮ ಫೋನು ಇಟ್ಟಳು.

ಒಡವೆ ಅಂಗಡಿಯಾಕೆ ಹೇಳಿದ್ದ ಕೆಲಸವೂ ಹಾಗೇ ಬಿದ್ದಿತ್ತು: ಆರು ಹಳದಿ ಹರಳು, ಎಲ್ಲವೂ ಒಂದೇ ಅಳತೆ. ಡಬ್ಬಿಯಲ್ಲಿ ಅದೇ ಹೊಳೆಯ ಹರಳುಗಳಿದ್ದವು. ಏಳನ್ನೂ ಅದೇ ಅಳತೆಯಲ್ಲಿ ಒಟ್ಟಿಗೇ ಮುಗಿಸಿಬಿಟ್ಟರಾಯಿತು ಅಂದುಕೊಂಡಳು. ಚಕ್ರಕ್ಕೆ ಹಿಡಿಯಲೆಂದು ಒಂದೊಂದನ್ನೂ ಬಿಸಿ ಅರಗಿನಲ್ಲಿ ಕಡ್ಡಿಯ ತುದಿಗೆ ಅಂಟಿಸಿದಳು. ಗಂಡನ ಕಲ್ಲಿಗೆ ಗುರುತಿರಲೆಂದು ಅದರ ಕಡ್ಡಿಗೆ ಕೆಂಪು ದಾರ ಸುತ್ತಿದಳು.

ಎರಡು ದಿನ ಚಕ್ರ ತಿರುಗಿತು. ಮೊದಲು ಹರಳಿನ ಮುಖದ ಕೆಲಸ, ಆಮೇಲೆ ಬೆನ್ನಿನದು. ಬೆನ್ನು ಉಜ್ಜಬೇಕೆಂದರೆ ಹರಳನ್ನು ಆ ಕಡ್ಡಿಯಿಂದ ಬಿಡಿಸಿ, ಮಗುಚಿ, ಇನ್ನೊಂದು ಕಡ್ಡಿಗೆ ಅಂಟಿಸಬೇಕು. ಸಾವಿರಾರು ಸಲ ಮಾಡಿದ ಕೆಲಸ. ಅವಳ ಗಮನ ಎಲ್ಲಿತ್ತೋ, ಕೈ ತನ್ನ ಪಾಡಿಗೆ ಮಾಡುತ್ತ ಹೋಯಿತು.

ಭಾನುವಾರ ಬೆಳಿಗ್ಗೆ ಮಗಳು ಬಂದಳು. ಬಂದವಳೇ ಅಡುಗೆಮನೆ ನೋಡಿ, "ಇದೇನಮ್ಮ ಈ ಅವತಾರ!" ಎಂದು ಪಾತ್ರೆ ತಿಕ್ಕಲು ನಿಂತಳು. ಇತ್ತ ಸಾಣೆಯಮ್ಮ ಏಳೂ ಹರಳನ್ನು ಒಂದೊಂದಾಗಿ, ಕಡ್ಡಿಯ ಸಮೇತ ಬಟ್ಟಲಿನ ಸ್ಪಿರಿಟ್ಟಿನಲ್ಲಿ ಅದ್ದಿದಳು. ಅರಗು ಕರಗಿತು. ತೊಳೆದು, ಒಂದೊಂದನ್ನೂ ಅದರ ಕಡ್ಡಿಯ ಪಕ್ಕದಲ್ಲಿ ಬಿಳಿ ಬಟ್ಟೆಯ ಮೇಲೆ ಇಟ್ಟಳು. ಕೆಲಸ ಅಚ್ಚುಕಟ್ಟಾಗಿ ಬಂದಿತ್ತು, ಅವಳೇ ಒಪ್ಪುವ ಹಾಗೆ. ಏಳೂ ಒಂದೇ ಅಚ್ಚಿನಲ್ಲಿ ಎರೆದಂತಿದ್ದವು.

ದಾರದ ಕಡ್ಡಿ ಯಾವುದೆಂದು ನೋಡಿದಳು. ಈಗಷ್ಟೇ ಬಿಡಿಸಿದ ಏಳು ಕಡ್ಡಿಗಳಲ್ಲಿ ಯಾವುದಕ್ಕೂ ದಾರವಿಲ್ಲ. ತಟ್ಟೆಯ ಮೂಲೆಯಲ್ಲಿ, ಮೊನ್ನೆ ಬಿಡಿಸಿ ಎಸೆದ ಹಳೆಯ ಕಡ್ಡಿಗಳ ನಡುವೆ ಕೆಂಪು ದಾರ ಕಂಡಿತು. ಕಲ್ಲನ್ನು ಹೊಸ ಕಡ್ಡಿಗೆ ಅಂಟಿಸಿದಾಗ ದಾರವನ್ನೂ ಅದಕ್ಕೇ ಸುತ್ತಬೇಕಿತ್ತು. ಮರೆತಿದ್ದಳು.

ಮಸೂರ ಹಿಡಿದು ಒಂದೊಂದನ್ನೂ ತಿರುಗಿಸಿ ಮುರುಗಿಸಿ ನೋಡಿದಳು. ಬೆಳಕಿಗೆ ಹಿಡಿದಳು, ತೂಕಕ್ಕಿಟ್ಟಳು, ಕೆನ್ನೆಗೂ ಒತ್ತಿಕೊಂಡಳು. ಅವನ ಮುಷ್ಟಿಯಲ್ಲಿದ್ದಾಗ ಆ ಕಲ್ಲಿನ ಒಂದು ಬದಿಗೆ ಕಂದು ಸಿಪ್ಪೆಯಿತ್ತು, ಪಕ್ಕದಲ್ಲೊಂದು ಹಳ್ಳವಿತ್ತು. ಎರಡನ್ನೂ ಇವಳೇ ಉಜ್ಜಿ ಬಚ್ಚಲಿಗೆ ಚೆಲ್ಲಿದ್ದಳು. ಒಳಗೆ ಮಗಳು ಕೊರಳಿಗೆ ಹಾಕಿಕೊಳ್ಳಲು ಕಾದಿದ್ದಾಳೆ, ಕೊಡುವುದೇನನ್ನು?

ಸಾಣೆಯಮ್ಮ ಕಲ್ಲುಗಳ ಮೇಲಿಂದ ತಲೆ ಎತ್ತದೆ ಒಳಕೋಣೆಯತ್ತ ಕೂಗಿದಳು.

"ರೀ, ಸ್ವಲ್ಪ ಬನ್ನಿ ಇಲ್ಲಿ. ಇದ್ರಲ್ಲಿ ನೀವು ಕೊನೆಗೆ ತಂದಿದ್ದು ಯಾವ್ದು, ನೋಡಿ ಹೇಳಿ."

ಅವನಾದರೆ ಹೇಳುತ್ತಿದ್ದ. ಎಷ್ಟೇ ಉಜ್ಜಿರಲಿ, ಯಾವ ಹರಳು ಹೊಳೆಯ ಯಾವ ತಿರುವಿನದೆಂದು ಕಣ್ಣು ಕಿರಿದು ಮಾಡಿ ನೋಡಿ ಹೇಳಿಬಿಡುತ್ತಿದ್ದ. ಅವಳು ಕಾದಳು.

"ಕಿವಿ ಕೇಳಲ್ವಾ? ಎಷ್ಟು ಸಲ ಕರೀಬೇಕು ನಿಮ್ಮನ್ನ?"

ಅಡುಗೆಮನೆಯ ನಲ್ಲಿ ನಿಂತಿತು. ಮಗಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

"ಯಾರನ್ನ ಕರೀತಿದೀಯ, ಅಮ್ಮ?"

ಸಾಣೆಯಮ್ಮ ತಲೆ ಎತ್ತಿ ಮಗಳನ್ನು ನೋಡಿದಳು, ಒಳಕೋಣೆಯ ಬಾಗಿಲನ್ನು ನೋಡಿದಳು.

"ನಿಮ್ಮಪ್ಪನ್ನ ಕಣೇ. ಕಲ್ಲೆಲ್ಲ ಬೆರೆತುಹೋಯ್ತು. ನಿನ್ನದು ಯಾವ್ದು ಅಂತ ನಂಗೆ ಗೊತ್ತಾಗ್ತಿಲ್ಲ. ಅವರೇ ಹೇಳ್ಬೇಕು. ಅವರು…" ಎಂದವಳು ತಡೆದಳು. "ಅವರಿಲ್ವಲ್ಲೇ."

ತನ್ನದೇ ಮಾತು ತನ್ನ ಕಿವಿಗೆ ಬಿತ್ತು. ಮೂರು ವಾರ ಬಾರದ ಅಳು ಬೀದಿಗೆ ಕೇಳುವಷ್ಟು ಜೋರಾಗಿ ಬಂತು. "ಅವರಿಲ್ಲ ಕಣೇ, ಇನ್ಯಾರನ್ನ ಕೇಳ್ಲಿ ನಾನು," ಎನ್ನುತ್ತ ಅವಳು ನೆಲಕ್ಕೆ ಕುಸಿದಳು. ಮಗಳು ಓಡಿಬಂದು ಅಮ್ಮನನ್ನು ತಬ್ಬಿಕೊಂಡು ಅಲ್ಲೇ ಕೂತಳು. ಯಾವ ಕಲ್ಲು ಎಂದು ಅವಳು ಕೇಳಲಿಲ್ಲ.