ಮತ್ತಿಗೆ ಮುಂಚೆ ಒಂದು ಎಳನೀರು

ಈಚೆಗೆ ಒಂದು ಬೆಳಿಗ್ಗೆ ನಮ್ಮ ಭಾವ ನಮ್ಮ ಅಕ್ಕನಿಗೆ ಒಂದು ಎಳನೀರು ಕೊಟ್ಟರು. ತಮ್ಮ ತೋಟದ್ದೇ. ಅಕ್ಕರೆಯಿಂದಲೇ ಕೆತ್ತಿ ಕೊಟ್ಟಿದ್ದು. ಅಷ್ಟರಿಂದ ಅಕ್ಕನ ಪ್ರಾಣ ಹೋಗುವುದರಲ್ಲಿತ್ತು.

ಎಳನೀರಿಗೆ ವಿಷ ಗಿಷ ಏನೂ ಬೆರೆತಿರಲಿಲ್ಲ. (ತಿಪಟೂರಿನಲ್ಲಿ ಬದುಕುವ ನಾನು ಎಳನೀರಿನ ಮೇಲೆ ಅಪವಾದ ಹೊರಿಸಿ ಎಲ್ಲಿಗೆ ಹೋಗಲಿ?) ತಪ್ಪಿದ್ದು ಹೊತ್ತು. ಕುಡಿಯಬಾರದ ಹೊತ್ತಿನಲ್ಲಿ ಕುಡಿದಿದ್ದಳು, ಅಷ್ಟೇ.

ಹೋದ ವಾರ ಪತ್ರಿಕೆಯ ಈ ಜಾಗದಲ್ಲಿ ನಾನಿರಲಿಲ್ಲ. "ಏನ್ರೀ, ಬರೆಯೋಕೆ ವಿಷಯ ಸಿಗಲಿಲ್ವಾ?" ಎಂದು ಕೆಲವರು ದಾರಿಯಲ್ಲೇ ನಿಲ್ಲಿಸಿ ಕೇಳಿದಿರಿ. ವಿಷಯವೇನೋ ಸಿಕ್ಕಿತ್ತು. ಬರೆಯುವುದಕ್ಕೆ ಮನಸ್ಸು ಸ್ತಿಮಿತದಲ್ಲಿರಲಿಲ್ಲ. ಈಗ ಎಲ್ಲ ಸರಿಹೋಗಿದೆ. ಹೇಳುತ್ತೇನೆ.

ನನ್ನ ಅಕ್ಕ ಗಿರಿಜಕ್ಕ. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನಗೆ ತುತ್ತು ಕಲಸಿ ಕೊಟ್ಟು ಬೆಳೆಸಿದವಳು ಅವಳೇ. ಕೊಟ್ಟಿರುವುದು ಶೆಟ್ಟಿಕೆರೆಗೆ. ಭಾವ ಸಿದ್ದರಾಮಣ್ಣನವರಿಗೆ ತೆಂಗಿನ ತೋಟ ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ. ಮಾತು ಬಹಳ ಕಡಿಮೆ. ಆ ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಅಕ್ಕನೇ ಆಡುತ್ತಾಳೆ.

ವರ್ಷದಿಂದ ಅಕ್ಕನಿಗೆ ಊಟವಾದ ಮೇಲೆ ಹೊಟ್ಟೆನೋವು. ಬಲಗಡೆ ಪಕ್ಕೆ ಹಿಡಿದುಕೊಂಡು ಬಗ್ಗಿ ಕೂತುಬಿಡುತ್ತಿದ್ದಳು. ಓಮದ ಕಷಾಯವಾಯಿತು, ಸೋಡಾ ಆಯಿತು, ದೃಷ್ಟಿ ತೆಗೆದದ್ದೂ ಆಯಿತು. ಕೊನೆಗೆ ತುಮಕೂರಿಗೆ ಹೋಗಿ ಎಕ್ಸ್‌ರೇ ತೆಗೆಸಿದೆವು. ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಆಗಲೇಬೇಕು ಎಂದರು.

ತಿಪಟೂರಿನಲ್ಲೇ ಒಂದು ನರ್ಸಿಂಗ್ ಹೋಮ್‌ಗೆ ಸೇರಿಸಿದೆವು. ಅಲ್ಲಿ ಕೊಯ್ಯುವ ಡಾಕ್ಟರಿದ್ದರು. ಆದರೆ ಕೊಯ್ಯುವಾಗ ನೋವು ತಿಳಿಯದಂತೆ ಮತ್ತು ಕೊಡುವ ಡಾಕ್ಟರಿರಲಿಲ್ಲ. ಅವರು ತುಮಕೂರಿನಿಂದ ರೈಲಿನಲ್ಲಿ ಬರಬೇಕು. ಟ್ರಂಕ್ ಕಾಲ್ ಮಾಡಿ ಮಾರನೆಯ ದಿನಕ್ಕೆ ಗೊತ್ತುಮಾಡಿದರು.

ಆ ಸಂಜೆ ಅಕ್ಕನನ್ನು ನೋಡಲು ಜನ ಬಂದರು. ನಮ್ಮಲ್ಲಿ ಆಸ್ಪತ್ರೆಗೆ ಬರುವವರು ಬ್ರೆಡ್ಡು, ಮೋಸಂಬಿ ತರುತ್ತಾರೆ. ಜೊತೆಗೆ ಒಂದು ಸಾವಿನ ಕಥೆಯನ್ನೂ ತರುತ್ತಾರೆ. ನೀವು ಗಮನಿಸಿಲ್ಲವೇ?

ಮೊದಲು ಬಂದವರು ಭಾವನಿಗೆ ಪರಿಚಯದ ಕೊಬ್ಬರಿ ಮಂಡಿ ಯಜಮಾನರು. "ಧೈರ್ಯವಾಗಿರು ಕಣಮ್ಮ, ಏನೂ ಆಗಲ್ಲ. ನಮ್ಮ ಷಡ್ಡಕರಿಗೂ ಇಂಥದ್ದೇ ಆಪರೇಷನ್ನು. ಡಾಕ್ಟ್ರು ಬಲು ಚೆನ್ನಾಗಿ ಮಾಡಿದ್ರು. ಮತ್ತು ಇಳೀಲಿಲ್ಲ, ಅಷ್ಟೇ" ಎಂದರು.

ಅಷ್ಟೇ. ಧೈರ್ಯ ಹೇಳಿ ಮುಗಿಯಿತು.

ಆಮೇಲೆ ತುರುವೇಕೆರೆಯಿಂದ ಅಕ್ಕನ ವಾರಗಿತ್ತಿ ಬಂದಳು. ಮಂಚದ ತುದಿಯಲ್ಲಿ ಕೂತು, ಅಕ್ಕನ ಕಾಲು ನೀವುತ್ತಲೇ ಶುರು ಮಾಡಿದಳು. "ನಮ್ಮ ಬೀದೀಲಿ ಒಬ್ಳು, ಹಲ್ಲು ಕೀಳಿಸ್ಕೊಂಡ್ ಬತ್ತೀನಿ ಅಂತ ಹೋದ್ಲು ಕಣಕ್ಕ. ಹೋಗಿದ್ದೇ ಹೋಗಿದ್ದು." ಕಣ್ಣೊರೆಸಿಕೊಂಡಳು. ಅಕ್ಕನಿಗೆ ಒಂದು ಮೋಸಂಬಿ ಸುಲಿದು ಕೊಟ್ಟಳು.

ಅವರೆಲ್ಲ ಹೋದ ಮೇಲೆ ಅಕ್ಕ ಮಾತೇ ಆಡಲಿಲ್ಲ. ಅಕ್ಕ ಸುಮ್ಮನಿದ್ದುದನ್ನು ನಾನು ಕಂಡದ್ದೇ ಕಡಿಮೆ. ಬಹಳ ಹೊತ್ತಾದ ಮೇಲೆ ಭಾವನ ಕಡೆ ತಿರುಗಿ, "ಚಿಕ್ಕೋಳಿಗೆ ದಿನ ತುಂಬ್ತಾ ಬಂತು. ಬಾಣಂತನ ಯಾರ್ ಮಾಡ್ತಾರೆ, ನೀವ್ ಮಾಡ್ತೀರಾ?" ಎಂದಳು. ಕಿರಿಯ ಮಗಳ ಚಿಂತೆ ಅದು. ಭಾವ ಎದ್ದರು. ಹೊರಗೆ ಹೋಗಿ ವರಾಂಡದಲ್ಲಿ ನಿಂತುಕೊಂಡರು. ಆಪರೇಷನ್ನಿನಲ್ಲಿ ಹೆಚ್ಚುಕಡಿಮೆಯಾದರೆ ಯಾರೂ ಹೊಣೆಯಲ್ಲ ಎಂಬುದಕ್ಕೆ ಆಗಷ್ಟೇ ಸಹಿ ಮಾಡಿ ಬಂದಿದ್ದರು.

ನರ್ಸಮ್ಮ ಬಂದು ಕಟ್ಟುನಿಟ್ಟಾಗಿ ಹೇಳಿದರು. "ಬೆಳಿಗ್ಗೆ ಎದ್ದ ಮೇಲೆ ಏನೂ ಕೊಡಬಾರದು. ಅನ್ನ, ತಿಂಡಿ, ಕಾಫಿ, ನೀರು, ಯಾವುದೂ ಇಲ್ಲ." ನಾವೆಲ್ಲ ತಲೆಯಾಡಿಸಿದೆವು.

ಬೆಳಿಗ್ಗೆ ನಾನು ಡಾಕ್ಟರನ್ನು ಕರೆತರಲು ಸ್ಟೇಷನ್ನಿಗೆ ಹೋದೆ. ಆ ಹೊತ್ತಿನಲ್ಲಿ ರೂಮಿನಲ್ಲಿ ನಡೆದದ್ದನ್ನು ಭಾವ ಆಮೇಲೆ ನನಗೆ ಹೇಳಿದರು.

ಅಕ್ಕ ಎದ್ದು ಕೂತು, "ನೋಡ್ರೀ, ಒಳಕ್ಕೆ ಹೋದ್ಮೇಲೆ ಬತ್ತೀನೋ ಇಲ್ವೋ. ನಮ್ ತೋಟದ್ ಎಳ್ನೀರು ಒಂದ್ ಕೆತ್ಕೊಡ್ರಿ. ಕುಡ್ಕೊಂಡ್ ಹೋಗ್ತೀನಿ" ಎಂದಳಂತೆ.

ಆಪರೇಷನ್ ಆದ ಮೇಲೆ ಬೇಕಾಗುತ್ತದೆಂದು ಭಾವ ಊರಿನಿಂದ ಒಂದು ಚೀಲ ಎಳನೀರು ತಂದು ಮಂಚದ ಕೆಳಗೆ ಇಟ್ಟಿದ್ದರು. ಮಚ್ಚೂ ಚೀಲದಲ್ಲೇ ಇತ್ತು.

"ಏನೂ ಕೊಡ್ಬ್ಯಾಡಿ ಅಂದವ್ರೆ ಕಣೇ."

"ಅನ್ನ ಬ್ಯಾಡ ಅಂದ್ರು, ಕಾಫಿ ಬ್ಯಾಡ ಅಂದ್ರು, ನೀರು ಬ್ಯಾಡ ಅಂದ್ರು. ಎಳ್ನೀರು ಬ್ಯಾಡ ಅಂದ್ರಾ?"

ಅಂದಿರಲಿಲ್ಲ. ನಿಜವೇ. ನಮ್ಮ ಕಡೆ ಜ್ವರ ಬಂದರೆ ಎಳನೀರು, ವಾಂತಿಯಾದರೆ ಎಳನೀರು, ಬಿಸಿಲಲ್ಲಿ ಬಂದವರಿಗೆ ಎಳನೀರು. ಅದನ್ನು ಊಟದ ಲೆಕ್ಕಕ್ಕೆ ಹಿಡಿಯುವವರಾರು? ಇದೇ ಕೊನೆಯದೇನೋ ಎಂದು ಹೆಂಡತಿ ಕೈಚಾಚಿದಾಗ ಇಲ್ಲ ಎನ್ನುವ ಗಂಡಸು ಯಾರು? ಭಾವ ಕೆತ್ತಿ ಕೊಟ್ಟರು. ಕುಡಿದಾದ ಮೇಲೆ ಬುರುಡೆ ಒಡೆದು ಒಳಗಿನ ಎಳೆ ಕಾಯನ್ನೂ ಕೆರೆದು ತಿನ್ನಿಸಿದರು. ಅದಕ್ಕೆ ನಾವು ಗಂಜಿ ಎನ್ನುತ್ತೇವೆ.

ಇತ್ತ ರೈಲಿನಿಂದ ಇಳಿದವರು ಒಬ್ಬ ಡಾಕ್ಟರಮ್ಮ. ನೋಡಿದರೆ ಕಾಲೇಜು ಹುಡುಗಿಯ ಹಾಗೆ. ಕೈಯಲ್ಲೊಂದು ಬ್ಯಾಗು. ಜಟಕಾದಲ್ಲಿ ಕೂರಿಸಿಕೊಂಡು ಬಂದೆ. ಭಾವ ಅವರನ್ನು ನೋಡಿ ನನ್ನ ಕಿವಿಯಲ್ಲಿ, "ಈ ಮಗೀನಾ ಮತ್ತು ಕೊಡೋದು?" ಎಂದು ಪಿಸುಗುಟ್ಟಿದರು. ನನಗೂ ಒಳಗೊಳಗೇ ಅದೇ ಅನುಮಾನ.

ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿದರು. ಬಾಯಿ ತೆಗೆಸಿ ಅಲ್ಲಾಡುವ ಹಲ್ಲಿದೆಯೇ ಎಂದು ನೋಡಿದರು. "ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ? ಕುಡಿದ್ರಾ?"

"ಒಂದ್ ತೊಟ್ಟು ನೀರೂ ಕುಡಿದಿಲ್ಲ ಕಣಮ್ಮ" ಎಂದಳು ಅಕ್ಕ. ಭಾವ ಗೋಡೆ ನೋಡುತ್ತಿದ್ದರು.

ಟ್ರಾಲಿ ಬಂತು. ಮೈಮೇಲಿನದೆಲ್ಲ ತೆಗೆಯಬೇಕು ಎಂದರು ನರ್ಸಮ್ಮ. ಅಕ್ಕ ಓಲೆ, ಬಳೆ ತೆಗೆದಳು. ಕೊನೆಗೆ ಕೊರಳಿನ ಲಿಂಗದ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಭಾವನ ಕೈಗಿಟ್ಟಳು. ಹೆರಿಗೆಯಲ್ಲೂ ಮೈಯಿಂದ ಬೇರೆಯಾಗಿರದ ಕರಡಿಗೆ ಅದು. ಭಾವನ ಮುಖ ಬಿಳುಚಿಕೊಂಡಿತು.

ಟ್ರಾಲಿ ಥಿಯೇಟರಿನ ಬಾಗಿಲಿಗೆ ಹೋಗಿತ್ತು. ಎಂದೂ ಅವಸರ ಮಾಡದ ಭಾವ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತರು.

"ಅಮ್ಮಾವ್ರೇ, ಒಂದ್ ಎಳ್ನೀರು ಕೊಟ್ಬುಟ್ಟಿದೀನಿ."

"ಸುಮ್ಕಿರ್ರೀ" ಎಂದಳು ಅಕ್ಕ, ಮಲಗಿದಲ್ಲಿಂದಲೇ.

ಡಾಕ್ಟರಮ್ಮ ಬೈಯುತ್ತಾರೆಂದು ನಾನು ಕಾದೆ. ಬೈಯಲಿಲ್ಲ. "ಯಾವಾಗ?" ಎಂದು ಕೇಳಿದರು.

"ಈಗ್ಲೇ. ನೀವ್ ಬರೋದಕ್ಕೆ ಒಸಿ ಮುಂಚೆ."

"ನೀರು ಮಾತ್ರಾನಾ, ಗಂಜೀನೂ ತಿಂದ್ರಾ?"

ಭಾವ ತಲೆ ತಗ್ಗಿಸಿದರು. "ಗಂಜೀನೂ ಕೊಟ್ಟೆ. ದಪ್ಪಕ್ಕೇ ಇತ್ತು."

"ಟ್ರಾಲಿ ವಾಪಸ್ ತಗೊಳ್ಳಿ" ಎಂದರು ಡಾಕ್ಟರಮ್ಮ.

ಒಳಗಿನಿಂದ ದೊಡ್ಡ ಡಾಕ್ಟರು ಬಂದರು. ಕೈ ತೊಳೆದು ಸಿದ್ಧವಾಗಿ ನಿಂತಿದ್ದವರು. ಅವರಿಗೆ ಬೇಸರವಾದದ್ದು ಮುಖಕ್ಕೆ ಕಟ್ಟಿದ ಬಟ್ಟೆಯ ಮೇಲಿಂದಲೂ ಕಾಣುತ್ತಿತ್ತು. "ಒಂದು ಎಳನೀರು ತಾನೇ?" ಎಂದರು.

"ಹೊಟ್ಟೆ ತುಂಬಿದೆ ಸರ್. ಈಗ ನಾನು ಮತ್ತು ಕೊಡಲ್ಲ. ಸಾಯಂಕಾಲ ಮಾಡೋಣ."

"ನೀವು ಮಧ್ಯಾಹ್ನದ ರೈಲಿಗೆ ಹೋಗಬೇಕಲ್ಲಮ್ಮ?"

"ಹೋಗಲಿ ಬಿಡಿ ಸರ್. ಆಮೇಲಿನ ರೈಲಿಗೆ ಹೋಗ್ತೀನಿ."

ದೊಡ್ಡ ಡಾಕ್ಟರು ಒಂದು ಗಳಿಗೆ ಅವರನ್ನೇ ನೋಡಿದರು. ಆಮೇಲೆ ತಲೆಯಾಡಿಸಿ ಒಳಗೆ ಹೋದರು. ದೊಡ್ಡವರು ದೊಡ್ಡವರೇ. ವಾದ ಬೆಳೆಸಲಿಲ್ಲ.

ಅಕ್ಕ ರೂಮಿಗೆ ವಾಪಸು ಬಂದು ಗೋಡೆ ಕಡೆ ತಿರುಗಿ ಮಲಗಿದಳು. ಭಾವನ ಮುಖವನ್ನೂ ನೋಡಲಿಲ್ಲ. ಭಾವ ವರಾಂಡದ ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಡಾಕ್ಟರಮ್ಮ ತಾವೇ ಬಂದು ಪಕ್ಕದಲ್ಲಿ ಕೂತರು.

"ಯಜಮಾನ್ರೇ, ನೀರು ಕುಡಿಯುವಾಗ ನೆತ್ತಿಗೇರಿದ್ರೆ ಏನಾಗುತ್ತೆ?"

"ಕೆಮ್ಮು ಬತ್ತದೆ."

"ಆ ಕೆಮ್ಮೇ ಕಾವಲು. ಮತ್ತು ಕೊಟ್ಟಾಗ ಅದೂ ಮಲಗಿಬಿಡುತ್ತೆ. ಹೊಟ್ಟೇಲಿರೋದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ತಡೆಯೋರೇ ಇರಲ್ಲ. ಉಸಿರು ಕಟ್ಟುತ್ತೆ. ಅದಕ್ಕೇ ಹೊಟ್ಟೆ ಖಾಲಿ ಇರಬೇಕು ಅನ್ನೋದು."

ಭಾವ ಥಿಯೇಟರಿನ ಬಾಗಿಲ ಕಡೆ ನೋಡಿದರು. "ನಾನ್ ಹೇಳ್ದೇ ಇದ್ದಿದ್ರೆ?" ಎಂದು ಕೇಳಿದರು.

"ಹೇಳಿದ್ರಲ್ಲ" ಎಂದರು ಡಾಕ್ಟರಮ್ಮ.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಹಾಗಾದ್ರೆ ಸಾಯಂಕಾಲ ಏನೂ ಅಪಾಯ ಇಲ್ಲ ಅಲ್ವಾ ಡಾಕ್ಟ್ರೇ?" ಎಂದೆ. ಇಲ್ಲ ಎಂದುಬಿಡಲಿ ಎಂಬ ಆಸೆ.

"ಇಲ್ಲ ಅಂತ ನಾನು ಯಾರಿಗೂ ಹೇಳಲ್ಲ. ಇದೆ. ಕಮ್ಮಿ ಇದೆ. ಅದನ್ನ ಇನ್ನೂ ಕಮ್ಮಿ ಮಾಡೋದಕ್ಕೇ ನಾನು ರೋಗಿ ತಲೆ ಹತ್ರ ಕೂತಿರ್ತೀನಿ."

ವಿಚಿತ್ರ ನೋಡಿ. ಹಿಂದಿನ ಸಂಜೆ ಏನೂ ಆಗಲ್ಲ, ಏನೂ ಆಗಲ್ಲ ಎಂದವರ ಮಾತು ಕೇಳಿ ನನ್ನ ಎದೆ ಹೊಡೆದುಕೊಂಡಿತ್ತು. ಅಪಾಯ ಇದೆ ಎಂದ ಈ ಹುಡುಗಿಯ ಮಾತು ಕೇಳಿದ ಮೇಲೆ ಉಸಿರು ಸಲೀಸಾಯಿತು.

ಸಾಯಂಕಾಲ ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. ಹೋಗುವಾಗ ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡೇ ನಡೆದರು. ಬಾಗಿಲು ಮುಚ್ಚಿತು. ಭಾವ ಕರಡಿಗೆಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ಎದೆಗೆ ಒತ್ತಿಕೊಂಡಿದ್ದರು. ನಾನು ಕಾಫಿ ತಂದುಕೊಟ್ಟೆ. ಪಕ್ಕದಲ್ಲೇ ಆರಿಹೋಯಿತು. ಒಳಗಿನಿಂದ ಲೋಟ ಬಿದ್ದ ಸದ್ದು ಬಂದರೂ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು.

ಬಾಗಿಲು ತೆರೆದು ಡಾಕ್ಟರಮ್ಮ ಬಂದರು. "ಎದ್ದಿದ್ದಾರೆ. ಹೆಸರು ಕೇಳಿದೆ, ಹೇಳಿದ್ರು."

ಭಾವ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಅಕ್ಕನನ್ನು ರೂಮಿಗೆ ತಂದರು.

ಅಕ್ಕ ಅರೆಗಣ್ಣು ಬಿಟ್ಟು ನಮ್ಮನ್ನು ನೋಡಿದಳು. ತೊದಲುತ್ತಲೇ, "ಇನ್ನೂ ಶುರು ಮಾಡಿಲ್ವಾ?" ಎಂದಳು. ಆಗಲೇ ಅವಳ ಹೊಟ್ಟೆಯ ಕಲ್ಲುಗಳು ಒಂದು ಸೀಸೆಯಲ್ಲಿ ಕೂತಿದ್ದವು.

ಆಮೇಲೆ ನಾನು ಯೋಚಿಸಿದೆ. ಆ ಬೆಳಿಗ್ಗೆ ಅಕ್ಕ ಎಳನೀರು ಕೇಳಿದ್ದು ಬಾಯಾರಿಕೆಗೇ? ಅಲ್ಲ. ಸಾಯುತ್ತೇನೆ ಎಂಬ ಹೆದರಿಕೆಗೆ. ಆ ಹೆದರಿಕೆ ಬಂದದ್ದೆಲ್ಲಿಂದ? ಡಾಕ್ಟರು ತಂದದ್ದಲ್ಲ. ಮೋಸಂಬಿ ಜೊತೆಗೆ ಬಂದದ್ದು. ಸಾವಿನ ಭಯವೇ ಅವಳನ್ನು ಸಾವಿನ ಬಾಗಿಲವರೆಗೆ ನೂಕಿಕೊಂಡು ಹೋಗಿತ್ತು.

ಮತ್ತು ಕೊಡುವಾಗ ಸಾಯುವವರೆಲ್ಲ ಮನೆಯವರ ತಪ್ಪಿನಿಂದಲೇ ಸಾಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ಡಾಕ್ಟರೂ ತಪ್ಪಬಹುದು, ಔಷಧವೂ ಕೈಕೊಡಬಹುದು, ಗುಂಡಿಗೆಯೂ ಸೋಲಬಹುದು. ಆದರೆ ಮತ್ತು ಇಳಿಯದ ಆ ಷಡ್ಡಕರು ಅಂದು ಬೆಳಿಗ್ಗೆ ಏನು ತಿಂದಿದ್ದರು? ಯಾರಾದರೂ ಕೇಳಿದ್ದರೇ? ಕೇಳಿದ್ದರೂ ಮನೆಯವರು ಹೇಳುತ್ತಿದ್ದರೇ? ಡಾಕ್ಟರ ಮುಂದೆ ನಾವೆಲ್ಲ ಒಳ್ಳೆಯವರಾಗಿ ನಿಲ್ಲಲು ನೋಡುತ್ತೇವೆ. ಬೀಡಿ ಸೇದಿಲ್ಲ, ಕಾಫಿ ಕುಡಿದಿಲ್ಲ, ಮಾತ್ರೆ ಒಂದೂ ತಪ್ಪಿಸಿಲ್ಲ. ಸ್ಕೂಲಿನ ಮೇಷ್ಟರ ಮುಂದೆ ನಿಂತ ಹಾಗೆ.

ಡಾಕ್ಟರಮ್ಮನನ್ನು ರೈಲು ಹತ್ತಿಸುವಾಗ ಭಾವನೂ ಬಂದಿದ್ದರು. ಏನೋ ಹೇಳಬೇಕೆಂದು ಬಂದವರು ಕೈಮುಗಿದು ನಿಂತರು. ರೈಲು ಹೊರಟಾಗ ಡಾಕ್ಟರಮ್ಮ ಕಿಟಕಿಯಿಂದ ಬಗ್ಗಿ, "ನಿಮ್ಮ ಹಾಗೆ ಓಡಿ ಬಂದು ಹೇಳೋರು ಅಪರೂಪ ಯಜಮಾನ್ರೇ" ಎಂದರು.

ಹೊಲಿಗೆ ಬಿಚ್ಚಿಸಿಕೊಂಡು ಅಕ್ಕ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಗಂಟಲಿಗೆ ಮೊದಲಿನ ಶಕ್ತಿ ಬಂದಿದೆ. "ಅಷ್ಟ್ ಜನದ್ ಮುಂದೆ ನನ್ನ ಸುಳ್ಳಿ ಮಾಡ್ಬುಟ್ರಲ್ರೀ, ಮಾನ ಕಳೆದ್ಬುಟ್ರಿ" ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಭಾವನನ್ನು ಬೈಯುತ್ತಾಳೆ. ಭಾವ ಎದುರು ಕುರ್ಚಿಯಲ್ಲಿ ಕೂತು, ರೇಡಿಯೋ ಕೇಳುವವರ ಹಾಗೆ, ಒಂದು ಮಾತೂ ತಪ್ಪದಂತೆ ಕೇಳಿಸಿಕೊಳ್ಳುತ್ತಾರೆ.

ಈ ಬೈಗುಳಕ್ಕೆ ಹೆದರಿ ಅವರು ಅಂದು ಬಾಯಿ ಮುಚ್ಚಿಕೊಂಡಿದ್ದರೆ, ಇವತ್ತು ಬೈಯಲು ಯಾರಿರುತ್ತಿದ್ದರು?